ಛತ್ತಿನ ಹೂವು

ಸಂಗಮ್ಮನ ಕುತ್ತಿಗೆ ಮೂರನೆಯ ಸಲ ಎಡಕ್ಕೆ ವಾಲಿತು. ಅವಳ ಬೆನ್ನಿಗೆ ಮೊಣಕಾಲು ಆನಿಸಿ ಕೂತಿದ್ದ ಮಗ ಸಿದ್ದಲಿಂಗೇಶ್ ತಲೆಯನ್ನು ಅಂಗೈಯಲ್ಲಿ ಹಿಡಿದು ಮತ್ತೆ ನೆಟ್ಟಗೆ ಮಾಡಿದ. ಕೆನ್ನೆ ಇನ್ನೂ ಪೂರಾ ತಣ್ಣಗಾಗಿರಲಿಲ್ಲ. ಬೆಳಗಿನ ಐದು ಗಂಟೆಗೆ ಹೋದ ಜೀವ, ಈಗ ಏಳು. ಮೈ ತೊಳೆದು, ವಿಭೂತಿ ಬಳಿದು, ಇಳಕಲ್ ಸೀರೆ ಉಡಿಸಿ ಪಡಸಾಲೆಯ ಗೋಡೆಯ ಹತ್ತಿರ ಮಣೆಯ ಮೇಲೆ ಕೂಡಿಸಿದ್ದರು. ಕಾಲು ಮಡಚಿದ್ದಾಗಿತ್ತು. ಇಷ್ಟಲಿಂಗ ಇಡುವುದಕ್ಕೆ ಎಡ ಅಂಗೈ ಬಿಡಿಸಿದ್ದಾಗಿತ್ತು. ತಲೆ ಮಾತ್ರ ನಿಲ್ಲುತ್ತಿರಲಿಲ್ಲ.

"ಜಲ್ದಿ ಮಾಡ್ರಿ," ಎಂದರು ಮಠದಿಂದ ಬಂದಿದ್ದ ಅಯ್ಯನವರು. "ಇನ್ನೊಂದು ತಾಸಿಗೆ ಮೈ ಸೆಟೀತೈತಿ. ಆಮ್ಯಾಲ ಕುಂದರ್ಸಾಕ ಬರಂಗಿಲ್ಲ."

ಸಂಗಮ್ಮನ ಮೈದುನ ಪಂಪಣ್ಣ ಮಡಚಿದ ಬಿಳಿ ವಸ್ತ್ರ ಹಿಡಿದುಕೊಂಡು ಮೇಲೆ ನೋಡುತ್ತ ನಿಂತಿದ್ದ. ಆ ಮನೆತನದಲ್ಲಿ ಹೆಣ ಕೂಡಿಸುವ ರೀತಿ ಒಂದೇ. ಹಣೆಗೆ ಸುತ್ತಿದ ವಸ್ತ್ರದ ತುದಿಯನ್ನು ಪಡಸಾಲೆಯ ಛತ್ತಿನ ತೊಟ್ಟಿಲ ಕೊಂಡಿಗೆ ಕಟ್ಟುವುದು. ಮನೆಯ ಕೂಸುಗಳನ್ನು ತೂಗಿದ ಕೊಂಡಿಯೇ ಹಿರಿಯರನ್ನೂ ಕೊನೆಗೆ ಎತ್ತಿ ಹಿಡಿಯಬೇಕು. ಸಂಗಮ್ಮನ ಗಂಡ ಅಂದಾನಪ್ಪ ಸತ್ತಾಗಲೂ ಹಾಗೆಯೇ ಕಟ್ಟಿದ್ದರು. ಆದರೆ ಈಗ ಮೇಲೆ ಕೊಂಡಿ ಇರಲಿಲ್ಲ. ನಾಲ್ಕು ವರ್ಷದ ಹಿಂದೆ ಸಿದ್ದಲಿಂಗೇಶ್ ಇಡೀ ಪಡಸಾಲೆಗೆ ಬಿಳಿ ಜಿಪ್ಸಮ್ ಶೀಟಿನ ಸೀಲಿಂಗ್ ಹಾಕಿಸಿದ್ದ. ಕೊಂಡಿ ಅದರ ಮೇಲೆ ಉಳಿದುಬಿಟ್ಟಿತ್ತು.

ಕಿಟಕಿಯ ಸರಳಿಗೆ ಕಟ್ಟೋಣ ಎಂದ ಸಿದ್ದಲಿಂಗೇಶ್. ಎತ್ತರ ಸಾಲದು ಎಂದರು ಅಯ್ಯನವರು. ಹಾಗಾದರೆ ಗೋಡೆಗೊಂದು ಮೊಳೆ ಹೊಡೆಯೋಣ ಎಂದ. ಹೆಣ ಕೂತ ಮನೆಯಲ್ಲಿ ಮೊಳೆ ಹೊಡೆಯುವ ಪದ್ಧತಿ ಯಾವ ಊರಲ್ಲಿದೆ ಎಂದು ಪಂಪಣ್ಣ ರೇಗಿದ. ಪಕ್ಕದ ಮನೆಯ ಜಂಬುನಾಥ್ ಸುಮ್ಮನಿರಲಾರದೆ ಫ್ಯಾನಿನ ಕಡೆ ಕೈ ತೋರಿಸಿದ.

"ಫ್ಯಾನಿಗೆ ಕಟ್ಟು," ಎಂದ ಪಂಪಣ್ಣ. "ಆಮ್ಯಾಲ ಪೊಲೀಸ್ರು ಬರ್ತಾರ, ಅವ್ರಿಗೂ ನೀನ ಚಾ ಕುಡಸು."

ಯಾರೋ ನಗು ತಡೆದುಕೊಂಡು ಕೆಮ್ಮಿದರು. ಸಿದ್ದಲಿಂಗೇಶನ ತಂಗಿ ಶೈಲಜಾ ಕಂಪ್ಲಿಯಿಂದ ಬಂದು ಅರ್ಧ ತಾಸಾಗಿತ್ತು. ಅತ್ತು ಕೆಂಪಾದ ಕಣ್ಣನ್ನು ಸೆರಗಿನಲ್ಲಿ ಒತ್ತಿಕೊಂಡು ಅವಳೂ ಮೇಲೆ ನೋಡಿದಳು.

"ಒಂದು ಶೀಟು ಕೊಯ್ಸಿಬಿಡಣ್ಣ. ಏನ್ ಆಗ್ತೈತಿ? ಅವ್ವನ ಜತಿ ನಾವೂ ಒಮ್ಮಿ ಆ ಛತ್ತಿನ ಹೂವು ನೋಡ್ದಂಗಾತು."

ಸಿದ್ದಲಿಂಗೇಶನ ಹೆಂಡತಿ ಗಂಗಾಂಬಿಕಾ ಆಗಲೇ ಫೋನು ಮಾಡಿಬಿಟ್ಟಿದ್ದಳು. ಆ ಸೀಲಿಂಗ್ ಹಾಕಿದ್ದ ಮಾರೆಪ್ಪ ಇದ್ದದ್ದು ಹತ್ತಿರದ ಚಿತ್ತವಾಡಗಿಯಲ್ಲೇ. ಹತ್ತು ನಿಮಿಷದಲ್ಲಿ ಏಣಿ ತರುತ್ತಾನಂತೆ ಎಂದಳು.

ಸಿದ್ದಲಿಂಗೇಶನ ಕೈಯಲ್ಲಿ ತಾಯಿಯ ತಲೆ ಭಾರವಾಯಿತು. ಮೇಲೆ ಹೂವಿಲ್ಲ. ಅದು ಅವನಿಗೆ ಗೊತ್ತಿತ್ತು, ಮಾರೆಪ್ಪನಿಗೆ ಗೊತ್ತಿತ್ತು. ಕೆರೆಯುವುದಿಲ್ಲ ಎಂದು ಲಿಂಗ ಮುಟ್ಟಿ ತಾಯಿಗೆ ಮಾತು ಕೊಟ್ಟು, ಅವನೇ ಅದನ್ನು ಕೆರೆಸಿ ಹಾಕಿದ್ದ. ಇನ್ನು ಹತ್ತು ನಿಮಿಷಕ್ಕೆ ಆ ತಾಯಿಯ ಹೆಣದ ಎದುರು, ಬಳಗದ ಎದುರು ಅದು ಬಯಲಾಗಲಿತ್ತು.

*

ಆ ಛತ್ತು ಸುತ್ತಲಿನ ನಾಲ್ಕು ಓಣಿಗೆ ಗೊತ್ತಿದ್ದ ಛತ್ತು. ಮೇಲೆ ಮೆತ್ತಿದ ಸಿಮೆಂಟು ಗಿಲಾವಿನ ತುಂಬ ಅಂಗೈ ಅಗಲದ ಹೂವುಗಳು, ಒಂದಕ್ಕೊಂದು ಅಂಟಿಕೊಂಡು, ಗೋಡೆಯಿಂದ ಗೋಡೆಗೆ. ಮನೆ ಕಟ್ಟಿದ ಗೌಂಡಿ ಮದ್ರಾಸಿನಿಂದ ಅಚ್ಚು ತರಿಸಿ ಹಾಕಿದ್ದು ಎಂದು ಅಂದಾನಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಅವನಿಗೆ ಕೆಲಸ. ಸಾಹೇಬರು ಮನೆಗೆ ಬಂದರೆ ಮೊದಲು ಕುರ್ಚಿ ಹಾಕುತ್ತಿದ್ದ, ಆಮೇಲೆ ಮೇಲೆ ನೋಡಿ ಎನ್ನುತ್ತಿದ್ದ. ಅಷ್ಟು ಹೊತ್ತಿಗೆ ಸಂಗಮ್ಮ ಸೆರಗು ಎಳೆದುಕೊಂಡು ಒಳಗೆ ಹೋಗಿರುತ್ತಿದ್ದಳು.

ಮನೆ ಇದ್ದದ್ದು ಹೊಸಪೇಟೆಯ ಸಂಡೂರು ರಸ್ತೆಯ ಬದಿಗೆ. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡಿದ ವರ್ಷಗಳಲ್ಲಿ ಕೆಂಪು ಧೂಳು ಅನ್ನದ ಮೇಲೂ ಕೂತಿತು, ಛತ್ತಿನ ಒಂದೊಂದು ಹೂವಿನೊಳಗೂ ಕೂತಿತು. ಪ್ರತಿ ಶ್ರಾವಣಕ್ಕೆ ಸಂಗಮ್ಮ ಮೇಜಿನ ಮೇಲೆ ಸ್ಟೂಲು ಇಟ್ಟು ಹತ್ತಿ ಗುಡಿಸುತ್ತಿದ್ದಳು. ಹೊರಮೈ ಬೆಳ್ಳಗಾಗುತ್ತಿತ್ತು, ಗೆರೆಗಳೊಳಗಿನ ಕೆಂಪು ಹೋಗುತ್ತಿರಲಿಲ್ಲ.

ಆಮೇಲೆ ಸೋರಿಕೆ ಶುರುವಾಯಿತು. ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಗಿಲಾವು ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಎದ್ದಿತು. ಒಂದು ಮಧ್ಯಾಹ್ನ ಸಿದ್ದಲಿಂಗೇಶನ ಮಗಳು ಪಲ್ಲವಿ ನೆಲದ ಮೇಲೆ ಮಲಗಿ ಓದುತ್ತಿದ್ದಾಗ ಇಟ್ಟಿಗೆಯಷ್ಟು ದೊಡ್ಡ ತುಂಡೊಂದು ಅವಳ ಕಿವಿಯ ಪಕ್ಕಕ್ಕೆ ಬಿತ್ತು. ಹುಡುಗಿಗೆ ಆಗ ಹನ್ನೆರಡು ವರ್ಷ. ಅವತ್ತೇ ಸಿದ್ದಲಿಂಗೇಶ್ ನಿರ್ಧಾರ ಮಾಡಿದ. ತೋರಣಗಲ್ಲಿನ ಕಾರ್ಖಾನೆಯಲ್ಲಿ ರಿಪೇರಿ ವಿಭಾಗದವನು ಅವನು. ತುಕ್ಕು ಹಿಡಿದದ್ದನ್ನು ಬಿಟ್ಟರೆ ಪಕ್ಕದ್ದಕ್ಕೂ ಹಿಡಿಯುತ್ತದೆ ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸಂಗಮ್ಮ ಬೇಡ ಎನ್ನಲಿಲ್ಲ. ಮೊಮ್ಮಗಳ ಕಿವಿಯನ್ನು ಎರಡು ಸಲ ಸವರಿ ನೋಡಿ ಹೇಳಿದಳು:

"ಮುಚ್ಚಸು. ಆದ್ರ ಕೆರಸಬ್ಯಾಡ. ನಾ ಕಣ್ಣು ಮುಚ್ಚೋತನ ಅದು ಮ್ಯಾಲ ಇರ್ಲಿ. ಲಿಂಗ ಮುಟ್ಟಿ ಹೇಳು."

ಅವನು ಕೊರಳಲ್ಲಿದ್ದ ಲಿಂಗದ ಕರಡಿಗೆಯ ಮೇಲೆ ಕೈಯಿಟ್ಟು ಹೇಳಿದ. ಹೇಳುವಾಗ ಸುಳ್ಳು ಹೇಳುತ್ತಿದ್ದೇನೆಂದು ಅನಿಸಿರಲಿಲ್ಲ. ಎರಡು ದಿನ ಬಿಟ್ಟು ಮಾರೆಪ್ಪ ಬಂದು ಸುತ್ತಿಗೆಯಲ್ಲಿ ತಟ್ಟಿ ನೋಡಿ, ಪೊಳ್ಳು ಗಿಲಾವಿನ ಮೇಲೆ ಫ್ರೇಮು ನಿಲ್ಲುವುದಿಲ್ಲ, ಪೂರಾ ಕೆರೆದರೇ ಲೇಸು ಎಂದಾಗ ಹೂಂ ಅಂದುಬಿಟ್ಟ. ತಾಯಿಯನ್ನು ನಾಲ್ಕು ದಿನಕ್ಕೆ ಕಂಪ್ಲಿಗೆ ಶೈಲಜಾಳ ಮನೆಗೆ ಕಳಿಸಿದ. ಗಂಗಾಂಬಿಕಾಳೂ ಹುಡುಗಿಯೂ ಧೂಳಿಗೆ ಹೆದರಿ ತವರಿಗೆ ಹೋದರು. ಬೀಗದ ಕೈ ಮಾರೆಪ್ಪನಿಗೆ ಕೊಟ್ಟು ಶಿಫ್ಟಿಗೆ ಹೋದವನು ರಾತ್ರಿಯೂ ತೋರಣಗಲ್ಲಿನಲ್ಲೇ ಉಳಿದ. ಮೂರನೆಯ ದಿನ ಸಂಜೆ ಬಂದಾಗ ಮೇಲೆಲ್ಲ ಹಾಲು ಚೆಲ್ಲಿದಂತೆ ಬಿಳುಪು. ಅಂಗಳದಲ್ಲಿ ಒಡೆದ ಗಿಲಾವು ತುಂಬಿದ ಒಂದು ಚೀಲ. ಇಷ್ಟೇನಾ ಎಂದು ಕೇಳಿದ. ಉಳಿದದ್ದು ಸಾಗಿಸಿ ಆಯಿತು ಎಂದ ಮಾರೆಪ್ಪ.

ಸಂಗಮ್ಮ ಕಂಪ್ಲಿಯಿಂದ ಬಂದವಳು ಹೊಸಲಿನಲ್ಲಿ ನಿಂತು ಮೇಲೆ ನೋಡಿದಳು. "ಮಸ್ತ್ ಆಗೈತಿ," ಎಂದಳು. ಅಂದಿನಿಂದ ಅವಳ ಮಂಚ ಪಡಸಾಲೆಗೇ ಬಂತು. ಮಲಗಿ ಮೇಲೆ ನೋಡುತ್ತಿದ್ದಳು. ಒಂದೇ ಒಂದು ಸಲ, ಎರಡು ವರ್ಷದ ಹಿಂದೆ, ಅವನು ಊಟಕ್ಕೆ ಕೂತಿದ್ದಾಗ ಕೇಳಿದ್ದಳು, ಮೇಲೆ ಹಾಗೇ ಇದೆಯಲ್ಲವಾ ಎಂದು. ಅವನು ತಟ್ಟೆ ನೋಡುತ್ತ, "ಐತವ್ವ," ಎಂದ.

"ಐತಿ ಬಿಡು," ಎಂದಳು ಸಂಗಮ್ಮ.

ಅವತ್ತಿನಿಂದ ಅವನು ಆ ಪಡಸಾಲೆಯಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟ. ಅಡುಗೆಮನೆಯಲ್ಲಿ ಸೆಖೆ ಕಡಿಮೆ ಎಂದು ನೆವ ಹೇಳಿದ.

*

ಮಾರೆಪ್ಪ ಎರಡೂ ಕಡೆ ಮೆಟ್ಟಿಲಿರುವ ಏಣಿಯನ್ನು ಪಡಸಾಲೆಯ ನಡುವೆ ಬಿಡಿಸಿ ನಿಲ್ಲಿಸಿದ. ಚೀಲದಿಂದ ಸಣ್ಣ ಗರಗಸ ತೆಗೆದ.

"ನಾ ಹತ್ತತೀನಿ," ಎಂದ ಸಿದ್ದಲಿಂಗೇಶ್. ತಾಯಿಯ ಬೆನ್ನಿಗೆ ಶೈಲಜಾಳನ್ನು ಕೂಡಿಸಿ ಎದ್ದು ಬಂದ. "ನೀ ಕೆಳಗ ಏಣಿ ಹಿಡ್ಕೊ."

ಮಾರೆಪ್ಪ ಅವನ ಮುಖ ನೋಡಿ ಗರಗಸ ಕೊಟ್ಟ. ಸಿದ್ದಲಿಂಗೇಶನ ಲೆಕ್ಕ ಇಷ್ಟೇ ಇತ್ತು. ಅಂಗೈ ಅಗಲ ತೂತು ಕೊಯ್ಯುವುದು, ಕೈ ತೂರಿಸಿ ಕೊಂಡಿಗೆ ವಸ್ತ್ರ ಸಿಗಿಸುವುದು, ಇಳಿದು ಏಣಿ ತೆಗೆಸುವುದು. ಅಷ್ಟು ಸಣ್ಣ ತೂತಿನಲ್ಲಿ ಕತ್ತಲೆಯ ಹೊರತು ಯಾರಿಗೂ ಏನೂ ಕಾಣುವುದಿಲ್ಲ. ಹೆಣದ ಮೇಲೆ ಯಾರೋ ದುಪ್ಪಟಿ ಹಿಡಿದರು. ಗರಗಸ ಕಚ್ಚಿದ ಕೂಡಲೇ ಬಿಳಿ ಪುಡಿ ಉದುರಿ, ಕೆಳಗೆ ನಿಂತವರ ತಲೆ, ಹುಬ್ಬು, ಅಯ್ಯನವರ ಗಡ್ಡ, ಎಲ್ಲವೂ ಬೂದಿ ಬಳಿದಂತಾಯಿತು.

ತೂತಿನಲ್ಲಿ ಕೈ ಹಾಕಿದರೆ ಕಬ್ಬಿಣದ ಪಟ್ಟಿ ತಗುಲಿತು. ಕೊಂಡಿ ಅದರ ಆಚೆಗಿತ್ತು. ಇನ್ನೂ ದೊಡ್ಡದು ಕೊಯ್ಯದೆ ಆಗುವುದಿಲ್ಲ ಎಂದ ಮಾರೆಪ್ಪ ಕೆಳಗಿನಿಂದ. ಅವನ ದನಿಯಲ್ಲಿ ಅವಸರವೇ ಇರಲಿಲ್ಲ. ಸಿದ್ದಲಿಂಗೇಶ್ ಕೊಯ್ದ. ಶೀಟಿನ ಒಂದು ಭಾಗ ಚೌಕವಾಗಿ ಕಳಚಿ ಕೈಗೆ ಬಂತು. ಅದನ್ನು ಕೆಳಗೆ ಕೊಟ್ಟು, ಇನ್ನೆರಡು ಮೆಟ್ಟಿಲು ಹತ್ತಿ, ಆ ಕಿಂಡಿಗೆ ತನ್ನ ತಲೆಯನ್ನೇ ಅಡ್ಡ ಇಟ್ಟ. ಮೊಬೈಲಿನ ಟಾರ್ಚು ಹಚ್ಚಿದ.

ಒಂದು ಗೇಣು ದೂರದಲ್ಲಿ ಹೂವಿತ್ತು.

ಮೊದಲು ಕಣ್ಣು ನಂಬಲಿಲ್ಲ. ಟಾರ್ಚನ್ನು ಓರೆ ಮಾಡಿದ. ಬೆಳಕು ಉದ್ದಕ್ಕೆ ಹರಿದು ಹೋದಂತೆ ಒಂದರ ಹಿಂದೆ ಒಂದು, ಸಾಲಿನ ಹಿಂದೆ ಸಾಲು, ಕತ್ತಲೆಯೊಳಗಿನಿಂದ ಎದ್ದು ಬಂದವು. ಒಂದೊಂದರ ನಡುವೆ ಮೂರು ತೂತು, ಸುತ್ತ ಎಳೆ ಎಳೆಯಾದ ಬಲೆ. ಎಳೆಗಳ ಸಂದಿಯಲ್ಲಿ ಅದಿರಿನ ಕೆಂಪು ಹಾಗೇ ಉಳಿದಿತ್ತು, ಈಗ ತಾನೇ ಕುಂಕುಮ ತುಂಬಿದ ಹಾಗೆ. ಕೆಳಗಿನಿಂದ ಮೂವತ್ತೈದು ವರ್ಷ ನೋಡಿದವನು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಇದು ಅಚ್ಚಿನ ಕೆಲಸವಲ್ಲ. ಒಂದರಂತೆ ಇನ್ನೊಂದಿರಲಿಲ್ಲ. ಕೆಲವು ಆಳ, ಕೆಲವು ತೇಲು. ಒಂದು ಸಾಲು ನೆಟ್ಟಗೆ ಹೋಗಿ, ಮುಂದಿನದು ದಣಿದಂತೆ ವಾಲಿ, ಮತ್ತೆ ಸಾವರಿಸಿಕೊಂಡಿತ್ತು. ಕೊಂಡಿಯ ಬುಡದಲ್ಲಿ, ಹೂವು ಹಿಡಿಯದಷ್ಟು ಇಕ್ಕಟ್ಟಾದ ಕಡೆ, ಬರಿ ಬೆರಳ ತುದಿಯ ಗುರುತುಗಳಿದ್ದವು. ಅವನು ತನ್ನ ತೋರುಬೆರಳನ್ನು ಒಂದರಲ್ಲಿ ಇಟ್ಟ. ಬೆರಳು ಹಿಡಿಯಲಿಲ್ಲ. ಅದು ಹೆಂಗಸಿನ ಬೆರಳು.

ಏಣಿ ಅಲುಗಿತು. ಆಚೆ ಕಡೆಯಿಂದ ಮಾರೆಪ್ಪ ಹತ್ತಿ ಬಂದು ಅದೇ ಕಿಂಡಿಯಲ್ಲಿ ತಲೆ ತೂರಿಸಿದ. ಎರಡು ತಲೆ ಮೇಲೆ, ಉಳಿದ ಮೈ ಕೆಳಗೆ. ಕೊಂಡಿಯ ತುಕ್ಕು ಕೆರೆಯುವವನಂತೆ ಕೈಯಾಡಿಸುತ್ತ ಮಾರೆಪ್ಪ ಪಿಸುಮಾತಿನಲ್ಲಿ ಹೇಳಿದ.

ಎರಡನೆಯ ದಿನ ಹತ್ತು ಗಂಟೆಗೆ ಅಮ್ಮ ಕಂಪ್ಲಿಯ ಬಸ್ಸಿಳಿದು ಬಂದಿದ್ದರಂತೆ. ಬಿ.ಪಿ. ಗುಳಿಗೆ ಮರೆತಿದ್ದೇನೆ ಎಂದು ಮಗಳಿಗೆ ಹೇಳಿ ಬಂದಿದ್ದರು. ಮಾರೆಪ್ಪ ಆಗ ಮೂಲೆಯಲ್ಲಿ ಉಳಿ ಸುತ್ತಿಗೆ ಹಿಡಿದು ಶುರು ಮಾಡಿ ಒಂದು ತಾಸಾಗಿತ್ತು. ಅಮ್ಮ ಬೈಯಲಿಲ್ಲ. ಸ್ಟೋವ್ ಹಚ್ಚಿ ಚಾ ಮಾಡಿ ಕೊಟ್ಟರು. ಎಷ್ಟು ಒಡೆದೆ ಎಂದು ಕೇಳಿದರು. ಕೆರೆಯದೆ, ಉದ್ದ ಬೋಲ್ಟನ್ನು ಗಿಲಾವು ದಾಟಿಸಿ ಸ್ಲ್ಯಾಬಿಗೇ ಬಿಗಿದರೆ ಫ್ರೇಮು ನಿಲ್ಲುವುದಿಲ್ಲವೇ ಎಂದು ಕೇಳಿದರು. ನಿಲ್ಲುತ್ತದೆ, ಕೆಲಸ ಹೆಚ್ಚು ಎಂದ ಇವನು. ಉದುರುವುದನ್ನು ಉದುರಿಸು, ತುಕ್ಕಿಗೆ ಹಚ್ಚುವುದನ್ನು ಹಚ್ಚು, ಗಟ್ಟಿ ಇರುವುದನ್ನು ಮುಟ್ಟಬೇಡ ಎಂದರು. ಆಮೇಲೆ ಅರವತ್ತೆಂಟರ ಮುದುಕಿ ಈ ಏಣಿ ಹಿಡಿಯಲು ಹೇಳಿ ಹತ್ತಿಯೇಬಿಟ್ಟರು.

"ನಂಗ ಇದರಾಗ ತಪ್ಪು ಅನಿಸಿದ್ದು ಒಂದ ಸರ. ನಿಮಗ ಹೇಳ್ಬೇಕಂದೆ. ಅವ್ರು ಬ್ಯಾಡಂದ್ರು. 'ಕೆರದೈತಿ ಅಂತನ ಅನ್ಕೊಂಡಿರ್ಲಿ. ಉಳದೈತಿ ಅಂತ ಗೊತ್ತಾದ್ರ, ನಂಗೂ ಗೊತ್ತೈತಿ ಅಂತ ಅವಗ ಗೊತ್ತಾಗ್ತೈತಿ. ನನ್ನ ಮುಖ ನೋಡಾಕ ಅವನ ಕೈಲೆ ಆಗಂಗಿಲ್ಲ,' ಅಂದ್ರು."

ಸಿದ್ದಲಿಂಗೇಶ್ ಟಾರ್ಚನ್ನು ಆಚೆ ಸಾಲಿನತ್ತ ತಿರುಗಿಸಿದ. ಮೇಲಿನ ಹೂವುಗಳ ನೆರಳೆಲ್ಲ ಒಟ್ಟಿಗೆ ಅಲುಗಿದವು.

"ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋದ್ರು. ಹೋಗಾಕ ಮೊದಲು ಶೀಟಿನ ಸಂದಿಗೆ ಹಚ್ಚೋ ಬಿಳಿ ಪಿಓಪಿ ಒಂದು ಬೋಗುಣಿಯಾಗ ಕಲಸಿ ಕೊಡು ಅಂದ್ರು ಸರ. ನಾ ಎದಕ್ಕ ಅಂತ..."

"ಏನಲೇ, ಮ್ಯಾಲ ಮದುವಿ ಮಾತುಕತಿ ನಡಸೀರೇನು?" ಎಂದು ಪಂಪಣ್ಣ ಕೆಳಗಿನಿಂದ ವಸ್ತ್ರದ ತುದಿಯನ್ನು ಎಸೆದ. "ಕಟ್ರಿ. ಶೈಲಜಾ ಹಿಡ್ಕೊಂಡು ಕುಂತಾಳ."

ಸಿದ್ದಲಿಂಗೇಶ್ ಕಟ್ಟಿದ. ಎರಡು ಗಂಟು ಹಾಕಿದ. ಇಳಿದು ಬಂದು ನೋಡಿದಾಗ ಸಂಗಮ್ಮನ ತಲೆ ನೆಟ್ಟಗೆ ನಿಂತಿತ್ತು. ಕಣ್ಣು ಮುಚ್ಚಿತ್ತು, ಗಲ್ಲ ತುಸು ಮೇಲಕ್ಕೆ ಎತ್ತಿತ್ತು. ಮೇಲಿನ ಕಿಂಡಿಯಲ್ಲಿ ಆರೇಳು ಹೂವು ಎಲ್ಲರಿಗೂ ಕಾಣುತ್ತಿದ್ದವು. ಅಯ್ಯನವರು ಮಂತ್ರ ಶುರು ಮಾಡಲು ಬಾಯಿ ತೆರೆದವರು ಮೊದಲು ಮೇಲೆ ನೋಡಿದರು.

ಶೈಲಜಾ ಅಣ್ಣನ ತೋಳು ಹಿಡಿದುಕೊಂಡಳು.

"ನೀ ಕೊಟ್ಟ ಮಾತು ಉಳಿಸ್ಕೊಂಡಿ. ನಾನು ಸುಳ್ಳೇ ಅನುಮಾನ ಮಾಡಿದ್ದೆ ನೋಡು."

ಅವನು ಇನ್ನೊಂದು ಕೈಯಿಂದ ಹುಬ್ಬಿನ ಮೇಲಿನ ಬಿಳಿ ಪುಡಿ ಒರೆಸಿಕೊಂಡ.

*

ಹತ್ತು ಗಂಟೆಯ ಹೊತ್ತಿಗೆ ಜನ ತುಂಬಿತು. ಬಂಡ್ರಿಯಿಂದ ತವರಿನವರು, ಕಾಲುವೆ ಕಚೇರಿಯ ಹಳಬರು, ಓಣಿಯ ಹೆಂಗಸರು. ಹಾರ ಹಾಕಿ, ಪಾದ ಮುಟ್ಟಿ, ವಸ್ತ್ರದ ಗುಂಟ ಕಣ್ಣು ಮೇಲೆ ಹೋಗಿ ಎಲ್ಲರೂ ಅಲ್ಲೇ ನಿಲ್ಲುತ್ತಿದ್ದರು. ಪಂಪಣ್ಣ ಒಬ್ಬೊಬ್ಬರಿಗೂ ಅಣ್ಣನ ಕತೆ ಹೇಳುತ್ತಿದ್ದ. ಮದ್ರಾಸಿನ ಅಚ್ಚು, ಆಗಿನ ಕಾಲಕ್ಕೆ ಹೊಸಪೇಟೆಯಲ್ಲೇ ಇಂಥದ್ದು ಇರಲಿಲ್ಲ ಎಂದು.

"ಯಾವ ಮದ್ರಾಸು?"

ಮಾತು ಬಂದದ್ದು ಹೊಸಲಿನ ಆಚೆಯಿಂದ. ಎರ್ರೆಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಈ ಮನೆ ಕಟ್ಟುವಾಗ ಗಾರೆ ಹೊತ್ತವಳು. ವಾರಕ್ಕೊಮ್ಮೆಯಾದರೂ ಬಂದು ಸಂಗಮ್ಮನ ಜತೆ ಮಾತಾಡಿ, ಕಟ್ಟೆಯ ಮೇಲೇ ಚಾ ಕುಡಿದು, ಲೋಟ ತೊಳೆದಿಟ್ಟು ಹೋಗುತ್ತಿದ್ದಳು. ಛತ್ತು ಒಣಗಿದ ಮೇಲೆ ಅವಳು ಪಡಸಾಲೆಗೆ ಕಾಲಿಟ್ಟಿರಲಿಲ್ಲ.

"ಅಂದಾನಪ್ಪನೋರು ಹೇಳಬ್ಯಾಡ ಅಂದಿದ್ರು, ಹೇಳ್ಲಿಲ್ಲ. ಆಕಿನೂ ಹೇಳ್ಲಿಲ್ಲ. ಈಗ ಇಬ್ರೂ ಹೋದ್ರು. ಇನ್ನ ಯಾರ ಸಲುವಾಗಿ ಬಾಯಿ ಮುಚ್ಕೊಳ್ಳೋದು? ಅದನ್ನ ಮಾಡಿದ್ದು ಸಂಗಕ್ಕ. ನೀರು ಹಾಕಿದ್ದು ನಾನು."

ಸಿದ್ದಲಿಂಗೇಶ್ ಎದ್ದು ಹೊಸಲಿಗೆ ಬಂದು ಅವಳೆದುರು ಕುಕ್ಕರಗಾಲಲ್ಲಿ ಕೂತ.

*

ಎಂಬತ್ತನಾಲ್ಕರ ಬ್ಯಾಸಿಗೆ, ಎಂದು ಎರ್ರೆಮ್ಮ ಶುರು ಮಾಡಿದಳು. ಸಿದ್ದಲಿಂಗೇಶ್ ನಾಲ್ಕು ವರ್ಷದವನು, ಬಂಡ್ರಿಯಲ್ಲಿ ಅಜ್ಜಿಯ ಹತ್ತಿರವಿದ್ದ. ಗೌಂಡಿ ಕಂಪ್ಲಿ ಕಡೆಯವನು, ಕೈ ಚಲೋ, ಸಿಟ್ಟು ಮೂಗಿನ ತುದಿಯಲ್ಲಿ. ಹಿಂದಿನ ದಿನದ ಗೋಡೆ ಸೊಟ್ಟಗಿದೆ ಎಂದು ಅಂದಾನಪ್ಪ ಬೆಳಿಗ್ಗೆ ಒಂದು ಮಾತು ಅಂದು ಕಾಲುವೆಗೆ ಹೋಗಿಬಿಟ್ಟ. ಗೌಂಡಿ ಅದನ್ನೇ ನುಂಗುತ್ತ ಉಗುಳುತ್ತ ಪಡಸಾಲೆಯ ಛತ್ತಿಗೆ ಗಿಲಾವು ಎರಚಿದ. ಹನ್ನೊಂದು ಗಂಟೆಗೆ, ಇನ್ನು ಮಟ್ಟ ಮಾಡಬೇಕು ಎನ್ನುವಾಗ, ಕರಣೆಯನ್ನು ಬಾಂಡ್ಲಿಯಲ್ಲಿ ಒಗೆದು ಅಂಗಿ ಹಾಕಿಕೊಂಡು ನಡೆದ. ಸಂಗಮ್ಮ ರಸ್ತೆಯ ತನಕ ಹೋಗಿ ಕರೆದಳು. ತಿರುಗಿ ನೋಡಲಿಲ್ಲ.

ಸಿಮೆಂಟು ಸಿಗುವುದೇ ಕಷ್ಟವಿದ್ದ ಕಾಲ. ಮೇಲೆ ಉಬ್ಬು ತಗ್ಗಾಗಿ ಹತ್ತಿದ ಹಸಿ ಗಿಲಾವು ಸಂಜೆಯೊಳಗೆ ಕಲ್ಲಾಗುತ್ತದೆ. ಮನೆಯಲ್ಲಿದ್ದದ್ದು ಇಬ್ಬರೇ ಹೆಂಗಸರು. ಸಂಗಮ್ಮ ಸೀರೆಗೆ ಕಚ್ಚೆ ಹಾಕಿ ಸಾರವೆ ಹತ್ತಿದಳು. ಕರಣೆ ಹಿಡಿದು ಎಳೆದರೆ ಗಿಲಾವು ಕಿತ್ತು ಮುಖಕ್ಕೆ ಬಿತ್ತು. ಎರ್ರೆಮ್ಮ ಎಳೆದರೂ ಅದೇ ಗತಿ. ಸಂಗಮ್ಮ ಇಳಿದು ಬಚ್ಚಲಿಗೆ ಹೋದಳು. ಅಳಲಿಕ್ಕೆ ಹೋದಳು ಎಂದುಕೊಂಡಳು ಎರ್ರೆಮ್ಮ. ಆದರೆ ಮೈ ಉಜ್ಜುವ ಒಣ ಹೀರೇಕಾಯಿ ನಾರು ಹಿಡಿದುಕೊಂಡು ಬಂದಳು. ಈಳಿಗೆಯಲ್ಲಿ ಅಡ್ಡ ಕೊಯ್ದಳು. ಕೊಯ್ದ ಮುಖದಲ್ಲಿ ಮೂರು ತೂತು, ಸುತ್ತ ಬಲೆ. ಅದನ್ನು ನೀರಿನಲ್ಲಿ ಅದ್ದಿ ಮೂ‌ಲೆಯಲ್ಲಿ ಒತ್ತಿ, ತಿರುವಿ, ತೆಗೆದಳು.

"ಮಟ್ಟ ಮಾಡಾಕ ಬರಲಿಲ್ಲ," ಎಂದಳು ಎರ್ರೆಮ್ಮ. "ಅದಕ್ಕ ಹೂವು ಮಾಡಿದ್ವಿ."

ಒಂದು ನಾರು ಸವೆದರೆ ಇನ್ನೊಂದು. ಓಣಿಯ ಬೇಲಿಗಳಲ್ಲಿ ಒಣಗಿದ್ದ ಹೀರೇಕಾಯಿಗಳನ್ನೆಲ್ಲ ಎರ್ರೆಮ್ಮ ಕಿತ್ತು ತಂದಳು. ಒಬ್ಬಳು ಮುಂದೆ ನೀರು ಚಿಮುಕಿಸುವುದು, ಒಬ್ಬಳು ಹಿಂದೆ ಒತ್ತುವುದು. ಮಧ್ಯಾಹ್ನ ಉಣ್ಣಲಿಲ್ಲ. ಮೊದಮೊದಲ ಹೂವು ಆಳವಾಗಿವೆ, ಬಿಸಿಲು ಏರಿದ ಹಾಗೆ ಗಿಲಾವು ಬಿಗಿದು, ಸಂಜೆಯ ಹೂವು ತೇಲಿವೆ. ತಿಳಿದವರು ನೋಡಿದರೆ ಎಷ್ಟು ಹೊತ್ತಿಗೆ ಎಲ್ಲಿದ್ದರು ಎಂದು ಹೇಳಬಹುದು. ಕೊಂಡಿಯ ಸುತ್ತ ಬರಿ ಬೆರಳಲ್ಲಿ ಒತ್ತಿದ್ದು, ಅಲ್ಲಿ ಸಂಗಕ್ಕನದೂ ಇದೆ ತನ್ನದೂ ಇದೆ, ಯಾವುದು ಯಾರದು ಅಂತ ಈಗ ತಿಳಿಯುವುದಿಲ್ಲ. ಸಿಮೆಂಟು ತಿಂದು ಬೆರಳ ತುದಿಯಲ್ಲಿ ರಕ್ತ ಬಂದಿತ್ತು.

ದೀಪ ಹಚ್ಚುವ ಹೊತ್ತಿಗೆ ಅಂದಾನಪ್ಪ ಬಂದ. ಸೈಕಲ್ಲನ್ನು ಗೋಡೆಗೆ ಒರಗಿಸುವುದನ್ನೂ ಮರೆತು, ಹಿಡಿದುಕೊಂಡೇ ನಿಂತು ನೋಡಿದ. ಆಮೇಲೆ ಎರ್ರೆಮ್ಮನನ್ನು ಹೊರಗೆ ಕರೆದು, ನಮ್ಮ ಮನೆಯ ಹೆಂಗಸು ಸಾರವೆ ಹತ್ತಿ ಕೆಲಸ ಮಾಡಿದಳು ಅಂತ ಆಗಬಾರದು ಎಂದ.

"ಮೂರು ದಿನ ಆಕಿ ಕುತ್ತಿಗಿ ನಿಲ್ಲಲಿಲ್ಲ ತಮ್ಮ. ಮ್ಯಾಲ ನೋಡಿ ನೋಡಿ. ಊಟಕ್ಕ ಕುಂತ್ರ ಹಿಂಗ ಎಡಕ್ಕ ಬೀಳ್ತಿತ್ತು. ನಾನ ಹಿಡ್ಕೊಂಡು ಉಣಿಸೀನಿ."

*

ಎರಡು ಗಂಟೆಗೆ ವಸ್ತ್ರದ ಗಂಟು ಬಿಚ್ಚಿ, ಬಾಳೆಕಂಬ ಕಟ್ಟಿದ ವಿಮಾನದಲ್ಲಿ ಸಂಗಮ್ಮನನ್ನು ಕೂಡಿಸಿ ಹೊತ್ತರು. ಕಾಲುವೆ ದಾಟಿ ಆಚೆ, ಅಂದಾನಪ್ಪನ ಪಕ್ಕದಲ್ಲೇ ಕುಣಿ. ಕುಣಿಯ ಗೋಡೆಯಲ್ಲಿ ಕೊರೆದ ಗೂಡಿನಲ್ಲಿ ಕೂಡಿಸಿದಾಗ ತಲೆ ಯಾರೂ ಹಿಡಿಯದೆ ತಾನೇ ನಿಂತಿತು. ಸೆಟೆದಿತ್ತು. ಎಡಗೈಯಲ್ಲಿ ಲಿಂಗವಿಟ್ಟು, ಬಿಲ್ವಪತ್ರಿ ತುಂಬಿ, ಮಣ್ಣು ಎಳೆದರು. ಸಿದ್ದಲಿಂಗೇಶ್ ಹಿಡಿ ಮಣ್ಣು ಹಾಕುವಾಗ ಅವನ ತೋರುಬೆರಳ ತುದಿ ಅದಿರಿನ ಧೂಳಿಗೆ ಇನ್ನೂ ಕೆಂಪಗಿತ್ತು. ಬೆಳಗಿನಿಂದ ತೊಳೆದಿರಲಿಲ್ಲ.

ಮನೆಗೆ ಬಂದು, ಎಲ್ಲರೂ ಮೈ ತೊಳೆದುಕೊಂಡ ಮೇಲೆ, ಕೂಡಿಸಿದ್ದ ಜಾಗದಲ್ಲಿ ದೀಪ ಇಟ್ಟರು. ಜಂಬುನಾಥನ ಮನೆಯಿಂದ ಅನ್ನ ಸಾರು ಬಂದಿತ್ತು. ಮಾರೆಪ್ಪ ಕೊಯ್ದ ಶೀಟನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಪಟ್ಟಿ ಕೊಟ್ಟು ಮುಚ್ಚಿದರೆ ಗುರುತೂ ಸಿಗುವುದಿಲ್ಲ ಎಂದ.

"ಮುಚ್ಚಬ್ಯಾಡ. ಉಳದದ್ದೂ ತೆಗಿ," ಎಂದ ಸಿದ್ದಲಿಂಗೇಶ್.

"ಸೂತಕದ ಮನ್ಯಾಗ ಕೆಡವೋದು ಏನಲೇ?" ಎಂದ ಪಂಪಣ್ಣ.

"ಲಿಂಗ ಕಟ್ಟಿದ ನಮಗ ಎಲ್ಲಿ ಸೂತಕ ಕಾಕಾ? ಅಯ್ಯನೋರು ಅಲ್ಲೇ ಅದಾರ, ಕೇಳು."

ಅಯ್ಯನವರು ಅನ್ನ ಕಲಸುತ್ತ ತಲೆಯಾಡಿಸಿದರು. ಸಿದ್ದಲಿಂಗೇಶ್ ಮೊದಲು ಹೊರಗೆ ಹೋಗಿ ಎರ್ರೆಮ್ಮನನ್ನು ಒಳಗೆ ಕರೆದ. ಅವಳು ಕಟ್ಟೆಯಿಂದ ಏಳಲಿಲ್ಲ. ಇಲ್ಲಿಂದಲೇ ಕಾಣುತ್ತದೆ ಎಂದಳು. ಅವನು ಅವಳ ಕೈ ಹಿಡಿದು ಎಬ್ಬಿಸಿದ. ಪಂಪಣ್ಣ ಬೇರೆ ಕಡೆ ನೋಡಿದ. ಎರ್ರೆಮ್ಮ ಹೊಸಲು ದಾಟಿ ಎರಡು ಹೆಜ್ಜೆಗೆ ನಿಂತು, ಕತ್ತು ಹಿಂದಕ್ಕೆ ಚೆಲ್ಲಿದಳು.

ಮಾರೆಪ್ಪ ತಿರುಪು ಬಿಚ್ಚಿದ ಹಾಗೆ ಒಂದೊಂದೇ ಶೀಟು ಇಳಿಯಿತು. ಬಾಗಿಲಿನಿಂದ ಬಂದ ಇಳಿಬಿಸಿಲು ನೆಲಕ್ಕೆ ಬಡಿದು ಮೇಲೇರಿ, ಹೂವುಗಳ ಅಂಚು ಹಿಡಿಯಿತು. ಪಲ್ಲವಿ ನೆಲದ ಮೇಲೆ ಅಂಗಾತ ಮಲಗಿದಳು, ನಾಲ್ಕು ವರ್ಷದ ಹಿಂದೆ ತುಂಡು ಬಿದ್ದಿದ್ದ ಜಾಗದಲ್ಲೇ. ಶೈಲಜಾಳೂ ಅವಳ ಪಕ್ಕ ಮಲಗಿದಳು. ಮಧ್ಯಾಹ್ನದ ಹೂವು ಬಂದವು, ನಡುವೆ ತಾನಾಗೇ ಉದುರಿದ ಸಣ್ಣ ಬೋಳುಗಳು ಬಂದವು, ಸಂಜೆಯ ತೇಲು ಹೂವು ಬಂದವು. ಇಬ್ಬರು ಹೆಂಗಸರ ಒಂದು ಹಗಲು ಪೂರ್ತಿ ತಲೆಯ ಮೇಲೆ ಹರಡಿಕೊಂಡಿತ್ತು. ಅಯ್ಯನವರ ಕೈಯಲ್ಲಿ ಅನ್ನ ಒಣಗಿತು.

ಮೂಡಲ ಮೂಲೆಯ ಕೊನೆಯ ಶೀಟಿನ ಹತ್ತಿರ ಮಾರೆಪ್ಪ ಕೈ ನಿಲ್ಲಿಸಿ ಕೆಳಗೆ ನೋಡಿದ.

"ಸರ, ಇದೊಂದು ಇರ್ಲಿ ಬಿಡ್ರಿ. ಬಾಳ ಬಿಗದೈತಿ."

ಬಿಗಿದಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಅದನ್ನು ಹಾಗೇ ಬಿಟ್ಟರೆ ಸಿದ್ದಲಿಂಗೇಶ್ ಮಾತು ಉಳಿಸಿಕೊಂಡ ಮಗನಾಗಿಯೇ ಉಳಿಯುತ್ತಿದ್ದ.

"ಇಳಿ," ಎಂದ. ತಾನೇ ಹತ್ತಿ, ನಾಲ್ಕು ತಿರುಪು ಬಿಚ್ಚಿ, ಶೀಟನ್ನು ಕೆಳಗೆ ಕೊಟ್ಟ.

ಅಲ್ಲಿ ಹೂವಿರಲಿಲ್ಲ. ಒಂದು ಮಾರು ಅಗಲಕ್ಕೆ ಬರಿ ಬೂದು ಸ್ಲ್ಯಾಬು, ಉಳಿಯ ಕಚ್ಚುಗಳು.

"ಅದ್ಯಾಕ ಅಷ್ಟೂ ಖಾಲಿ ಐತಿ?" ಎಂದಳು ಶೈಲಜಾ ಮಲಗಿದಲ್ಲಿಂದ.

"ನಾ ಕೆರಸಿದ್ದು," ಎಂದ ಸಿದ್ದಲಿಂಗೇಶ್. "ಪೂರಾ ಕೆರಸಾಕ ಹೇಳಿದ್ದೆ. ಲಿಂಗ ಮುಟ್ಟಿ ಸುಳ್ಳು ಹೇಳಿದ್ದೆ. ಅವ್ವ ಬಂದು ನಿಲ್ಲಿಸ್ಯಾಳ. ನಂಗ ಇವತ್ತು ಮುಂಜಾನಿ ಗೊತ್ತಾತು."

ಶೈಲಜಾ ಎದ್ದು ಕೂತಳು. ಎರ್ರೆಮ್ಮ ಮಾತ್ರ ಅವನ ಮಾತು ಕೇಳದವಳಂತೆ ಆ ಬೋಳು ಮೂಲೆಯನ್ನೇ ನೋಡುತ್ತ ಕೈ ಎತ್ತಿದಳು.

"ಅಲ್ಲಿಂದನ ಸುರು ಮಾಡಿದ್ವಿ," ಎಂದಳು. "ಮೊದಲನೇದು ಅಲ್ಲೇ ಒತ್ತಿದ್ಲು." ಆಮೇಲೆ ಕಣ್ಣು ಕಿರಿದು ಮಾಡಿದಳು. "ಅದ್ಯಾವುದು ತಮ್ಮ, ಗ್ವಾಡಿ ಸನೇಕ? ಬೆಳ್ಳಗೈತಲ್ಲ? ಅದು ಅವತ್ತಿಂದಲ್ಲ."

ಸಿದ್ದಲಿಂಗೇಶ್ ಏಣಿಯ ಮೇಲೆಯೇ ತಿರುಗಿದ. ಎರಡು ಗೋಡೆ ಕೂಡುವ ಕಡೆ, ಉಳಿಯ ಕಚ್ಚುಗಳ ನಡುವೆ, ಅಂಗೈಯಷ್ಟು ಪಿಓಪಿ ಮೆತ್ತಿತ್ತು. ಅದರ ಮೇಲೆ ಒಂದು ಹೂವು. ಮೂರು ತೂತು, ಸುತ್ತ ಬಲೆ. ಎಳೆಗಳ ಸಂದಿಯಲ್ಲಿ ಒಂದು ಕಣವೂ ಕೆಂಪಿರಲಿಲ್ಲ. ಅಂಚಿನಲ್ಲಿ ಒಂದು ಕಡೆ, ತಿರುವುವಾಗ ಮುದಿ ಕೈ ನಡುಗಿ ಜಾರಿದ ಗೆರೆ. ಅದು ಅವನ ಹಣೆಯ ನೇರಕ್ಕೆ, ಒಂದು ಗೇಣು ದೂರದಲ್ಲಿತ್ತು.